ಆರಬೇಕಾದ ಬಲ್ಬು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಮಠಕ್ಕೊಂದು ಹಳೆಯ ವ್ಯಾನು. ವ್ಯಾನಿಗೊಬ್ಬ ರಾಚಯ್ಯ.

ರಾಚಯ್ಯ ಮಠದ ಶಿಷ್ಯ. ಕಣ್ಣಿಗೆ ಪೊರೆ ಬಂದ ಮುದುಕ ಮುದುಕಿಯರನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವುದು ಅವನ ಸೇವೆ.

ಒಂದು ತಿಂಗಳಿಂದ ವ್ಯಾನಿನ ಒಂದು ಫ್ಯೂಸು ಸುಡತೊಡಗಿತ್ತು. ಅದು ಸುಟ್ಟರೆ ಎಂಜಿನ್ನೇ ನಿಲ್ಲುತ್ತಿತ್ತು. ಮೊದಲು ವಾರಕ್ಕೊಂದು ಸುಟ್ಟಿತು, ಆಮೇಲೆ ದಿನಕ್ಕೊಂದು. ರಾಚಯ್ಯ ಹೊಸದು ಹಾಕುತ್ತಲೇ ಹೋದ. ಹಾಕುವ ಮುಂಚೆ ಹಣೆಗೊತ್ತಿಕೊಂಡು ಶಿವನಾಮ ಜಪಿಸುವುದನ್ನೂ ರೂಢಿ ಮಾಡಿಕೊಂಡ.

ಕೆಂಚವ್ವನೆಂಬ ಮುದುಕಿಯ ಆಪರೇಷನ್ ಸರದಿ ಇದರಿಂದಲೇ ಎರಡು ಸಲ ತಪ್ಪಿತು. ಮೂರನೆಯ ಸರದಿ ಇವತ್ತು ಹತ್ತು ಗಂಟೆಗೆ. ಡಾಕ್ಟರು ನಾಳೆ ಊರು ಬಿಡುವವರಿದ್ದರು.

ಬೆಳಗ್ಗೆ ಕೀ ತಿರುಗಿಸಿದ್ದೇ ತಡ, ಫ್ಯೂಸು ಸುಟ್ಟಿತು. ಇನ್ನೊಂದು ಹಾಕಿದ. ಅದೂ ಸುಟ್ಟಿತು.

ಒಳಗೆ ಕೂತಿದ್ದ ಕೆಂಚವ್ವ ಕೇಳಿದಳು: “ಯಾಕ್ರೀ ಅಯ್ಯನವರ, ನನಗರೆ ಪೊರೆ ಬಂದೇತಿ. ನಿಮ್ಮ ಗಾಡಿಗೇನ ಬಂದೇತಿ?”

ರಾಚಯ್ಯ ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ತಂತಿ ತುರುಕತೊಡಗಿದ.

“ಏನದು?”

ಹಿಂದೆ ಅಜ್ಜಾರು ನಿಂತಿದ್ದರು. ಮಠದ ಗುರುಗಳು. ಕಾವಿ ತೊಡುವ ಮೊದಲು ಇಪ್ಪತ್ತು ವರ್ಷ ಲಾರಿಗಳ ವೈರಿಂಗ್ ಮಾಡಿದವರು. ಮಾತು ಕಡಿಮೆ.

“ತಂತಿ ರೀ ಅಜ್ಜಾರ. ಇದು ಸುಡೂದಿಲ್ಲ.”

“ಹೌದು. ಗಾಡಿ ಸುಡತೈತಿ. ಒಳಗ ಕೆಂಚವ್ವ ಅದಾಳ.”

ರಾಚಯ್ಯನ ಕೈ ತಾನಾಗಿ ಹಿಂದೆ ಬಂತು.

“ಎಷ್ಟ ಫ್ಯೂಸ್ ಹಾಕಿದಿ?”

“ಹನ್ನೊಂದ್ರೀ.”

“ಹನ್ನೊಂದು ಸಲ ಗಾಡಿ ನಿನ್ನ ಕರದೈತಿ. ಒಂದ್ಸಲರೆ ಯಾಕಂತ ಎದ್ದು ಹೋಗಿ ನೋಡಿದೇನು?”

“ಜಪಾ ಮಾಡೇ ಹಾಕೀನ್ರೀ.”

“ಫ್ಯೂಸಿಗೆ ಕಿವಿ ಇಲ್ಲ. ಹೆಡ್‌ಲೈಟಿನ ಹಳೇ ಬಲ್ಬ್ ತಾ.”

ಫ್ಯೂಸಿನ ಜಾಗಕ್ಕೆ ಬಲ್ಬು ಜೋಡಿಸಿದ್ದಾಯಿತು. ರಾಚಯ್ಯ ಕೀ ತಿರುಗಿಸಿದ. ಬಲ್ಬು ಝಗ್ಗನೆ ಉರಿಯಿತು. ಅವನ ಮುಖವೂ ಬೆಳಗಿತು.

“ಬೆಳಕ ಬಂತ್ರೀ ಅಜ್ಜಾರ! ಸರಿ ಆತು!”

“ಕೆಟ್ಟಿದ್ದಕ್ಕ ಉರೀತೈತಿ. ಎಲ್ಲೋ ತಂತಿ ಸುಲದು ತಗಡಿಗೆ ತಾಗೇತಿ. ಒಂದೊಂದ ತಂತಿ ಕಳಚಿ ಹುಡುಕು. ತಾಗಿದ್ದು ಬಿಟ್ಟ ಕೂಡಲೆ ಬಲ್ಬ್ ಆರತೈತಿ.”

ಒಂಬತ್ತು ವರ್ಷ ಮಠದಲ್ಲಿ ರಾಚಯ್ಯ ಕೇಳಿದ್ದೆಲ್ಲ ದೀಪ ಹಚ್ಚುವ ಮಾತು. ಆರಿಸು ಅಂದದ್ದು ಇದೇ ಮೊದಲು.

ವೈಪರಿನ ತಂತಿ ಕಳಚಿದ. ಬಲ್ಬು ಉರಿಯುತ್ತಲೇ ಇತ್ತು. ಹಾರ್ನಿನದು ಕಳಚಿದ. ಹಿಂದಿನ ದೀಪಗಳದು ಕಳಚಿದ. ಗಾಡಿಯ ಅಡಿಗೆ ತೂರಿ ಎಂಜಿನ್ನಿಗೆ ಹೋಗುವುದನ್ನೂ ಕಳಚಿ ಬಂದ. ಗಂಟೆ ಎಂಟಾಯಿತು, ಎಂಟೂವರೆಯಾಯಿತು. ಪಟ್ಟಣಕ್ಕೆ ಒಂದು ತಾಸಿನ ದಾರಿ.

“ಆರಿತೇನ್ರೀ?” ಎಂದಳು ಕೆಂಚವ್ವ.

“ಇಲ್ಲ ಬೇ.”

“ನನಗ ಎರಡೂ ಒಂದ. ನೀವ ಹೇಳಬೇಕ.”

ರಾಚಯ್ಯ ಬೆವರೊರೆಸಿಕೊಂಡ. “ಎಲ್ಲಾ ನೋಡೀನ್ರೀ ಅಜ್ಜಾರ.”

“ಎಲ್ಲಾ?”

“ಎಲ್ಲಾ ರೀ.”

ಅಜ್ಜಾರು ಗದ್ದವೆತ್ತಿ ಸ್ಟೀರಿಂಗಿನ ಪಕ್ಕಕ್ಕೆ ತೋರಿದರು. ಅಲ್ಲಿ ಅಜ್ಜಾರದೇ ಫೋಟೋ. ಸ್ಟೀಲಿನ ಚೌಕಟ್ಟು, ಒಣಗಿದ ಬಿಲ್ವಪತ್ರೆ. ಹೋದ ತಿಂಗಳು ರಾಚಯ್ಯನೇ ಕೂರಿಸಿದ್ದು.

“ಅದು ನೀವು ರೀ!”

“ಸ್ಕ್ರೂ ಎಂಥಾದ್ದು ಹಾಕಿದಿ?”

“ಉದ್ದಂದು ರೀ. ನೀವು ಅಲುಗಾಡಬಾರದಂತ.”

“ಬಿಚ್ಚು.”

“ನನ್ನ ಕೈಲೆ ಆಗೂದಿಲ್ರೀ. ತಪ್ಪು ಬ್ಯಾರೆ ಎಲ್ಲರೆ ಇರಬೇಕ್ರೀ.”

“ಬ್ಯಾರೆ ಎಲ್ಲಾ ನೋಡೀನಿ ಅಂದಿ.”

ರಾಚಯ್ಯ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಹಿಡಿದುಕೊಂಡ.

“ಬಿಚ್ರೀ ಅಯ್ಯನವರ,” ಒಳಗಿನಿಂದ ಕೆಂಚವ್ವ ಕೂಗಿದಳು. “ಜೀವಂತ ಇಲ್ಲೇ ಅದಾರಲ್ಲ!”

ಅವನು ಫೋಟೋ ಮುಟ್ಟಿ ಕಣ್ಣಿಗೊತ್ತಿಕೊಂಡು ಮೊದಲ ಸ್ಕ್ರೂ ಬಿಚ್ಚಿದ. ಬಲ್ಬು ಉರಿಯಿತು. ಎರಡನೆಯದು ಅರ್ಧ ಹೊರಗೆ ಬಂತು.

ಬಲ್ಬು ಆರಿತು.

ಇಣುಕಿ ನೋಡಿದ. ಫೋಟೋ ಕೂರಿಸಿದ್ದ ತಗಡಿನ ಹಿಂದೆ ತಂತಿಯ ಮೇಲೊಂದು ಗಾಯ. ಸ್ಕ್ರೂವಿನ ಮೊನೆ ಕಚ್ಚಿದ ಗುರುತು.

ಟೇಪು ಸುತ್ತಿದ. ಕಳಚಿದ್ದೆಲ್ಲ ಜೋಡಿಸಿದ. ಬಲ್ಬು ತೆಗೆದು ಹನ್ನೆರಡನೆಯ ಫ್ಯೂಸು ಹಾಕಿದ, ಈ ಸಲ ಜಪ ಮರೆತೇಹೋಯಿತು. ಎಂಜಿನ್ ಶುರುವಾಯಿತು. ಫ್ಯೂಸು ಉಳಿಯಿತು. ಗಂಟೆ ಒಂಬತ್ತಕ್ಕೆ ಹತ್ತು ನಿಮಿಷ.

ಕೆಂಚವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ರಾಚಯ್ಯ ಮಾತ್ರ ಫೋಟೋ ಇದ್ದ ಖಾಲಿ ಜಾಗವನ್ನೇ ನೋಡುತ್ತಿದ್ದ.

“ಅಜ್ಜಾರ, ನಿಮ್ಮ ಮಾರಿ ನೋಡಿಕೋತ ಗಾಡಿ ಹೊಡ್ಯಾಂವ ನಾ. ಇನ್ನ ಹೆಂಗ ಹೊಡೀಲಿ?”

ಅಜ್ಜಾರು ಫೋಟೋ ಕಂಕುಳಲ್ಲಿ ಸಿಕ್ಕಿಸಿಕೊಂಡು ವ್ಯಾನಿನ ಬಾಗಿಲು ಹಾಕಿದರು.

“ರಸ್ತೆ ನೋಡಿ ಹೊಡಿ.”