ಮಂದೆಯ ಕಜ್ಜಿ, ಗೋಮಾಳದ ಕಲ್ಲು

ಕುರಿಮಂದೆಯೊಂದರಲ್ಲಿ ಕಜ್ಜಿ ಕಾಣಿಸಿಕೊಂಡಿತು. ಮಂದೆಯ ಯಜಮಾನನಾದ ಟಗರು ಎಲ್ಲರನ್ನೂ ಸೇರಿಸಿ, "ಇದು ಹೊರಗಿನಿಂದ ಬಂದ ಮುದಿ ಮೇಕೆಯ ಕೆಲಸ," ಎಂದು ತೀರ್ಪು ಕೊಟ್ಟಿತು.

"ಯಾರಿಂದ ಬಂತೋ ಆಮೇಲೆ ನೋಡೋಣ," ಎಂದಿತು ಆ ಮೇಕೆ. "ಮೊದಲು ತುರಿಕೆ ಇದ್ದವರು, ಇಲ್ಲದವರು, ಎಲ್ಲರೂ ಒಟ್ಟಿಗೇ ಬೇವಿನ ನೀರಿಗೆ ಇಳಿಯೋಣ."

"ಕಜ್ಜಿ ಹತ್ತಿದವರ ಜೊತೆ ನಾನೂ ಇಳಿಯಬೇಕೆ? ನನಗೇನಾಗಿದೆ?" ಎಂದು ಟಗರು ಕೋಡು ಬೀಸಿತು. ಎಲ್ಲ ಸೇರಿ ಮೇಕೆಯನ್ನು ತೋಳಗಳಿರುವ ಗುಡ್ಡದ ಕಡೆಗೆ ಅಟ್ಟಿದವು. ಅದು ಮರಳಿ ಬರಲಿಲ್ಲ. ಮೈ ತುರಿಸಿಕೊಂಡದ್ದು ಕಣ್ಣಿಗೆ ಬಿದ್ದರೆ ಇನ್ನು ಯಾರಿಗಾದರೂ ಅದೇ ಗತಿ ಎಂದು ಟಗರು ಸಾರಿತು. ಅಂದಿನಿಂದ ಮಂದೆಯಲ್ಲಿ ಯಾರೊಬ್ಬರೂ ತುರಿಸಿಕೊಂಡದ್ದು ಕಾಣಲಿಲ್ಲ.

ನಿಜ ಹೇಳಬೇಕೆಂದರೆ, ಟಗರಿನ ಪಕ್ಕೆಯೂ ಆಗಲೇ ಉರಿಯುತ್ತಿತ್ತು. ಮಂದೆ ನೆರಳಿನಲ್ಲಿ ಮೆಲುಕು ಹಾಕುತ್ತಿದ್ದಾಗ ಅದು ಮೆಲ್ಲನೆ ಜಾರಿಕೊಂಡು, ದನಗಳು ಮೈ ತಿಕ್ಕಿಕೊಳ್ಳಲೆಂದು ಗೋಮಾಳದಲ್ಲಿ ನೆಟ್ಟಿದ್ದ ಕಲ್ಲಿನ ಬಳಿಗೆ ಹೋಯಿತು. ಹಾಯೆನಿಸುವಷ್ಟು ಉಜ್ಜಿಕೊಂಡಿತು. ಬಳಿಕ ದನಿ ತಗ್ಗಿಸಿ, "ಕಲ್ಲಪ್ಪಾ, ನಾನು ಬಂದದ್ದು ಯಾರಿಗೂ ಗೊತ್ತಾಗಬಾರದು," ಎಂದಿತು.

"ಹೇಳುವುದಿಲ್ಲ," ಎಂದಿತು ಕಲ್ಲು. "ಬಂದವರೆಲ್ಲ ಇದೇ ಮಾತು ಹೇಳಿ ಹೋಗುತ್ತಾರೆ. ಯಾರ ಹೆಸರನ್ನೂ ನಾನು ಬಾಯಿ ಬಿಡುವುದಿಲ್ಲ. ಒಬ್ಬರು ಬಿಟ್ಟುಹೋದ ಹುಳವನ್ನು ಮಾತ್ರ ಇನ್ನೊಬ್ಬರಿಗೆ ದಾಟಿಸುತ್ತೇನೆ."

ಟಗರು ಬೆಚ್ಚಿ ತಿರುಗಿ ನೋಡಿತು. ಹಿಂದೆ ಮಂದೆಯ ಕುರಿಗಳೆಲ್ಲ ಅಲ್ಲೊಂದು ಇಲ್ಲೊಂದು ನಿಂತು, ಹುಲ್ಲೇ ಇಲ್ಲದ ಬರಿನೆಲವನ್ನು ಬಲು ಶ್ರದ್ಧೆಯಿಂದ ಮೇಯುತ್ತಿದ್ದವು.