ಹುಳಿಹಣ್ಣಿಗೆ ಹೋದ ತಂಗಿ

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈ ಆರಿರಲಿಲ್ಲ. ಹೊಳೆಗಳು ಯಾವ ಕಡೆ ಹರಿಯಬೇಕೆಂದು ತಿಳಿಯದೆ ಅತ್ತಿತ್ತ ನೋಡುತ್ತಿದ್ದವು.

ಆಗ ಪುಟ್ಟ ನೊಣಗಳಲ್ಲಿ ಇದ್ದದ್ದು ಒಂದೇ ಬಗೆ, ಒಂದೇ ಮನೆ. ದೊಡ್ಡ ಮರದ ಕೆಳಗೆ ಕೊಳೆತ ಎಲೆಗಳ ರಾಶಿ ಇತ್ತು. ಅದೇ ಅವರ ಊಟ, ಅದೇ ಅವರ ಹಾಸಿಗೆ.

ಈ ನೊಣಗಳಿಗೆ ಕಾಲಿನಲ್ಲೂ ರುಚಿ ತಿಳಿಯುತ್ತಿತ್ತು. ಇದು ಊಟವೇ? ಕಾಲಿಟ್ಟು ನೋಡುವರು. ಇವರು ನಮ್ಮವರೇ? ಅದನ್ನೂ ಕಾಲು ತಾಗಿಸಿ ನೋಡುವರು.

ಆ ಮನೆಯ ಹಲವು ಹೆಣ್ಣುಮಕ್ಕಳಲ್ಲಿ ಕಿರಿಯಳು ಎಳ್ಳಿ. ಅವಳ ಅಕ್ಕ ಜೀರಿ. ದಿನಾ ಬೆಳಿಗ್ಗೆ ಎಳ್ಳಿ ಅಕ್ಕನ ಬೆನ್ನಿಗೆ ಕಾಲು ತಾಗಿಸುವಳು.

“ಎಲೆಯ ರುಚಿ. ನಮ್ಮಕ್ಕನೇ!”

“ಮತ್ತಿನ್ಯಾರು ಇರ್ತಾರೆ, ಹುಚ್ಚೀ?” ಎನ್ನುವಳು ಜೀರಿ.

ಒಂದು ದಿನ ಅಲ್ಲಿಗೆ ಕಡಜ ಬಂದಳು. ಅವಳ ಸೊಂಟ ದಾರದಷ್ಟು ಸಣ್ಣ, ಬಾಲ ಸೂಜಿಯಷ್ಟು ಚೂಪು. ಎಲೆಗಳ ಕೆಳಗೆ ಮಲಗಿದ್ದ ನೊಣದ ಮರಿಗಳನ್ನು ಹುಡುಕಿ, ಅವುಗಳ ಮೈಯೊಳಗೆ ತನ್ನ ಮೊಟ್ಟೆಗಳನ್ನು ಚುಚ್ಚಿಟ್ಟಳು. ಮರಿ ತನ್ನ ಸುತ್ತ ಕಟ್ಟಿಕೊಂಡ ಗೂಡು ಒಡೆದಾಗ ಹೊರಬಂದದ್ದು ನೊಣವಲ್ಲ, ಮರಿ ಕಡಜ.

“ನಮ್ಮ ಮಕ್ಕಳನ್ನು ಬಿಟ್ಟುಬಿಡು” ಎಂದು ನೊಣಗಳು ಬೇಡಿಕೊಂಡವು.

“ನನಗೂ ಮಕ್ಕಳಿದ್ದಾರಲ್ಲ” ಎಂದಳು ಕಡಜ. ಅದೂ ಸುಳ್ಳಲ್ಲ.

ಅಕ್ಕತಂಗಿಯರು ಎಲೆರಾಶಿ ಬಿಟ್ಟು ಚದುರಿದರು. ಒಬ್ಬಳು ಹೂವಿನೊಳಗೆ ಸೇರಿದಳು. ಒಬ್ಬಳು ಮರದ ಗಾಯದಿಂದ ಸೋರುವ ರಸದ ಬಳಿ ಹೋದಳು. ಜೀರಿ ಅಣಬೆಗೆ ಹೋದಳು. ಎಳ್ಳಿ ಮಾತ್ರ ಅಲ್ಲೇ ಉಳಿದಳು, ಕಡಜ ಚುಚ್ಚಿದ ತನ್ನ ಮರಿಗಳಲ್ಲಿ ಒಂದಾದರೂ ರೆಕ್ಕೆ ಬಿಚ್ಚಿ ಏಳಬಹುದೆಂದು. ಒಂದೂ ಏಳಲಿಲ್ಲ. ಅವಳ ಹೊಟ್ಟೆಯಲ್ಲಿ ಮತ್ತೆ ಮೊಟ್ಟೆಗಳು ತುಂಬಿದ್ದವು.

ಈ ಸಲ ಇವು ಬದುಕಬೇಕು ಎಂದುಕೊಂಡು ಅವಳು ಜೀರಿಯ ಬಳಿಗೆ ಹಾರಿದಳು.

“ಅಕ್ಕಾ, ಮೊಟ್ಟೆ ಇಡೋಕೆ ಒಂಚೂರು ಜಾಗ ಕೊಡೇ.”

“ಈ ಅಣಬೆ ನಾಳೆ ಕರಗಿ ಹೋಗುತ್ತೆ ಕಣೇ. ನನ್ನ ಮಕ್ಕಳಿಗೇ ಸಾಲಲ್ಲ” ಎಂದು ಜೀರಿ ತಲೆ ತಗ್ಗಿಸಿದಳು.

ಹೂವಿನಲ್ಲೂ ಜಾಗವಿರಲಿಲ್ಲ, ರಸದ ಬಳಿಯೂ ಇರಲಿಲ್ಲ. ಹಿಂದೆ ಕಡಜದ ರೆಕ್ಕೆಯ ಸದ್ದು ಕೇಳುತ್ತಲೇ ಇತ್ತು.

ಆಗ ಗಾಳಿ ಬಂತು. “ಹೊಳೆ ದಂಡೇಲಿ ಹಲಸಿನಹಣ್ಣು ಬಿದ್ದು ಒಡೆದಿದೆ. ಹುಳಿತು ನೊರೆ ಬಂದಿದೆ. ಅಲ್ಲಿ ಯಾರೂ ಇಲ್ಲ.”

“ಯಾಕೆ ಯಾರೂ ಇಲ್ಲ?”

“ಅದರ ಮೇಲೆ ಹಾದು ಬಂದದ್ದಕ್ಕೆ ನಾನೇ ತೂರಾಡ್ತಾ ಇದೀನಿ, ಕಾಣಲ್ವಾ?” ಎಂದು ಗಾಳಿ ಮರಕ್ಕೆ ಡಿಕ್ಕಿ ಹೊಡೆಯಿತು.

ಎಳ್ಳಿ ಹೋಗಿ ಹಣ್ಣಿನ ಮೇಲೆ ಒಂದು ಕಾಲಿಟ್ಟಳು. ಕಾಲು ಚುರ್ರೆಂದಿತು. ತಲೆ ಗಿರ್ರೆಂದಿತು.

“ಹೊಳೆಯಮ್ಮಾ, ಇಲ್ಲಿ ಮಕ್ಕಳು ಬದುಕ್ತಾರಾ?”

“ಇದರಲ್ಲಿ ಮಲಗಿದವರು ಎದ್ದದ್ದನ್ನು ನಾನಂತೂ ನೋಡಿಲ್ಲ ಮಗಳೇ.”

“ಕಡಜ ಬಂದರೆ?”

“ಅವಳಿಗೂ ಅದೇ ಗತಿ.”

ಎಳ್ಳಿ ಯೋಚಿಸಿದಳು. ಹೊರಗೆ ಇಟ್ಟರೆ ಮೊಟ್ಟೆಗಳು ಖಂಡಿತ ಉಳಿಯುವುದಿಲ್ಲ. ಇಲ್ಲಿ ಉಳಿದರೂ ಉಳಿಯಬಹುದು. ಅವಳು ಉಸಿರು ಬಿಗಿಹಿಡಿದು ಹುಳಿಹಣ್ಣಿನಲ್ಲಿ ಮೊಟ್ಟೆ ಇಟ್ಟಳು.

ಮರಿಗಳು ಹೊರಬಂದವು. ಕೆಲವು ಹುಳಿಯನ್ನು ತಾಳಲಿಲ್ಲ. ತಾಳದೆ ಹೋದವಕ್ಕಾಗಿ ಎಳ್ಳಿ ಹಣ್ಣಿನ ಅಂಚಿನಲ್ಲಿ ಕೂತು ಅತ್ತಳು. ತಾಳಿದವು ತಿಂದು ದಪ್ಪಗಾದವು, ರೆಕ್ಕೆ ಬಿಚ್ಚಿ ಎದ್ದವು. ಅವುಗಳ ಮಕ್ಕಳು ಇನ್ನೂ ಚೆನ್ನಾಗಿ ತಾಳಿದವು.

ಕಡಜ ಅಲ್ಲಿಗೂ ಬಂದಳು. ಸೂಜಿ ಇಳಿಸಿದಳು. “ಥೂ! ಇದೂ ಒಂದು ಮನೆಯೇ?” ಎನ್ನುವಷ್ಟರಲ್ಲಿ ತಲೆ ತಿರುಗಿ ದಂಡೆಯ ಹುಲ್ಲಿಗೆ ಉರುಳಿದಳು. ಎಚ್ಚರವಾದ ಮೇಲೆ ಆ ಕಡೆ ತಲೆ ಹಾಕಲಿಲ್ಲ.

ಒಂದು ಬೆಳಿಗ್ಗೆ ಜೀರಿ ಹುಡುಕಿಕೊಂಡು ಬಂದಳು.

“ಎಳ್ಳೀ! ಕೊಡೆಯಷ್ಟು ದೊಡ್ಡ ಅಣಬೆ ಸಿಕ್ಕಿದೆ. ನಿನಗೂ ಜಾಗ ಇದೆ, ಬಾರೇ!”

ಖುಷಿಯಿಂದ ತಂಗಿಯ ಬೆನ್ನಿಗೆ ಕಾಲು ತಾಗಿಸಿದಳು. ಥಟ್ಟನೆ ಹಿಂದೆಗೆದಳು.

“ಯಾರು ನೀನು?”

“ನಾನೇ ಅಕ್ಕಾ.”

“ದನಿ ನಮ್ಮ ಎಳ್ಳೀದೇ. ಕಾಲು ಮಾತ್ರ ಅಲ್ಲ ಅನ್ನುತ್ತೆ.”

ಎಳ್ಳಿ ಅಕ್ಕನನ್ನು ಮುಟ್ಟಿದಳು. ತಣ್ಣನೆಯ ಅಣಬೆಯ ರುಚಿ. ಅವಳ ಕಾಲೂ ಅಲ್ಲ ಎಂದಿತು.

“ಹೊಳೇಲಿ ಮೈ ತೊಳ್ಕೊಂಡು ಹೊರಡು. ನಾಲ್ಕು ದಿನ ಅಣಬೆ ತಿಂದರೆ ಎಲ್ಲ ಸರಿಹೋಗುತ್ತೆ” ಎಂದು ಜೀರಿ ಅವಸರ ಮಾಡಿದಳು. “ಮಕ್ಕಳನ್ನೂ ಕರಿ.”

ಮಕ್ಕಳು ಬಂದರು. ಜೀರಿಯ ಕಾಲಿಗೆ ಅಂಟಿದ್ದ ಅಣಬೆಯ ಚೂರನ್ನು ಮುಟ್ಟಿ ನೋಡಿದರು.

“ಅಮ್ಮಾ, ಸಪ್ಪೆ!”

“ಇದು ಊಟ ಅಲ್ಲಮ್ಮಾ.”

ತಿರುಗಿ ಹಣ್ಣಿಗೇ ಓಡಿದರು.

ಎಳ್ಳಿ ಅಕ್ಕನನ್ನು ನೋಡಿದಳು. ಮಕ್ಕಳನ್ನು ನೋಡಿದಳು. “ಬರಲಾರೆ ಅಕ್ಕಾ. ಅಲ್ಲಿ ಇವರು ಉಪವಾಸ ಬೀಳ್ತಾರೆ.”

“ನಮ್ಮ ಮಕ್ಕಳು ಒಬ್ಬರನ್ನೊಬ್ಬರು ಗುರುತು ಹಿಡಿಯಲ್ಲ ಕಣೇ.”

“ಗೊತ್ತು.”

“ಮದುವೆ ಮಾತುಕತೆಯೂ ಇರಲ್ಲ.”

“ಗೊತ್ತು ಅಕ್ಕಾ. ಆದರೆ ಬದುಕಿರ್ತಾರೆ.”

ಹುಳಿಯ ಘಾಟಿಗೆ ಜೀರಿಯ ತಲೆ ಸುತ್ತುತ್ತಿತ್ತು. ಆದರೂ ತಂಗಿಯ ಪಕ್ಕ ಕೂತಳು. ಇನ್ನೊಮ್ಮೆ ಅವಳ ಬೆನ್ನ ಮೇಲೆ ಕಾಲಿಟ್ಟಳು. ಇವಳು ನಮ್ಮವಳಲ್ಲ, ನಮ್ಮವಳಲ್ಲ ಎಂದು ಕಾಲು ಹೇಳುತ್ತಲೇ ಇತ್ತು. ಜೀರಿ ಕಾಲು ತೆಗೆಯಲಿಲ್ಲ. ಬಿಸಿಲು ನೆತ್ತಿಗೇರುವವರೆಗೂ ಹಾಗೇ ಕೂತಿದ್ದು, ಆಮೇಲೆ ತನ್ನ ಅಣಬೆಗೆ ಹಾರಿಹೋದಳು.

ಮಳೆಗಾಲಗಳು ಬಂದವು, ಹೋದವು. ಹೂವಿನವರು ಹೂವಿನವರಾಗಿಯೇ ಬೆಳೆದರು, ರಸದವರು ರಸದವರಾಗಿಯೇ. ಕೆಲವರ ರೆಕ್ಕೆಯಲ್ಲಿ ಚುಕ್ಕೆ ಮೂಡಿತು, ಕೆಲವರ ಮೈ ಕಪ್ಪಾಯಿತು. ಒಂದು ಮನೆ ನೂರಾರು ಮನೆಯಾಯಿತು.

ಅದಕ್ಕೇ ಇವತ್ತಿಗೂ ನಿಮ್ಮ ಅಡುಗೆಮನೆಯ ಬಾಳೆಹಣ್ಣು ಹುಳಿತ ಕೂಡಲೇ ಎಳ್ಳಿಯ ಮರಿಮಕ್ಕಳು ಎಲ್ಲಿಂದಲೋ ಬಂದು ಅದರ ಮೇಲಿಳಿಯುತ್ತಾರೆ, ಹಿತ್ತಲಿನ ಅಣಬೆಯ ಮೇಲೆ ಕೂತ ಜೀರಿಯ ಮರಿಮಕ್ಕಳು ನೋಡಲು ಹೆಚ್ಚುಕಡಿಮೆ ಅವರಂತೆಯೇ ಇದ್ದರೂ ಆ ಕಡೆ ಬರುವುದೇ ಇಲ್ಲ.