ಸೀಬಿಯ ಅವ್ವ ಓ ಅಂದದ್ದು

ಹೊದ್ಕೊಂಡ್ಯಾ ಪುಟ್ಟಾ? ಕಾಲು ಒಳಗೆ ಎಳ್ಕೋ. ಹೂಂ ಅಂತಾ ಇರ್ಬೇಕು. ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಲ್ಲುತ್ತೆ, ಆಮೇಲೆ ಅಜ್ಜಿ ಮೋಸ ಮಾಡಿದ್ಲು ಅಂತ ಅಳಬಾರದು.

ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನಿಗೆ ಇನ್ನೂ ಮೀಸೆ ಚಿಗುರದ ಕಾಲ ಅಂತಿಟ್ಕೋ, ಒಂದೂರಲ್ಲಿ ತಿಮ್ಮರಾಯ ಅಂತ ಒಬ್ಬ ಕುಂಬಾರ ಇದ್ನಂತೆ. ಅವನ ಹೆಂಡ್ತಿ ಹೊನ್ನಕ್ಕ, ಒಬ್ಬಳೇ ಮಗಳು ಸೀಬಿ. ಹೊನ್ನಕ್ಕನಿಗೆ ತಾಯಿ ಇರ್ಲಿಲ್ಲ, ಬಾಣಂತನ ಮಾಡೋರು ಯಾರು? ಹೆತ್ತ ಮೂರನೇ ದಿನಕ್ಕೇ ಎದ್ದು ಮಣ್ಣು ತುಳಿಯೋಕೆ ನಿಂತಳಂತೆ. ಗಂಡ ಬೇಡ ಅನ್ಲಿಲ್ಲ. ಅನ್ನಬೇಕು ಅಂತ ಅವನಿಗೆ ತೋಚಲೇ ಇಲ್ಲ, ಪೆದ್ದ! ಆಮೇಲೆ ಹೊನ್ನಕ್ಕನಿಗೆ ಏನೋ ಒಂದು ಮಂಕು ಕವೀತಂತೆ. ಮುದ್ದೆ ಕಟ್ಟೋಳು, ಮಗಳ ತಲೆ ಬಾಚೋಳು, ಎಲ್ಲ ಮಾಡೋಳು, ಆದ್ರೆ ಕಣ್ಣು ಮಾತ್ರ ಗೋಡೆ ಮೇಲೆ. ಮಗು ಅವ್ವಾ ಅಂತ ಕೂಗಿದ್ರೆ ಓ ಅಂತಿರ್ಲಿಲ್ಲ. ಒಂದು ದಿನ ಎರಡು ದಿನ ಅಲ್ಲ, ಐದು ವರ್ಷ.

ಸೀಬಿ ಏನು ಮಾಡ್ತಿದ್ಲು ಗೊತ್ತಾ? ಸುಟ್ಟು ಜೋಡಿಸಿಟ್ಟ ಮಡಕೆ ಎತ್ತಿ ಕುಕ್ಕಿ ಒಡೀತಿದ್ಲಂತೆ. ಜೊತೆಗೆ ಆಡೋ ಮಕ್ಕಳನ್ನ ಕಚ್ಚೋಳು. ಊರವರೆಲ್ಲ ಅವಳಿಗೆ ಮಾರಿ ಅಂತ ಹೆಸರಿಟ್ರು. ಮೊದಲು ತಿಮ್ಮರಾಯ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಸಿದ, ಆಗ್ಲಿಲ್ಲ. ಆಮೇಲೆ ತಾಯತ ಕಟ್ಟಿಸಿದ, ಅದನ್ನ ಅವಳು ಕಿತ್ತು ಬಾವಿಗೆ ಹಾಕಿದ್ಲು. ಆಮೇಲೆ ಬೇವಿನ ರಸ ಕುಡಿಸಿದ, ಅವನ ಮೈಮೇಲೇ ಉಗಿದ್ಲಂತೆ! ನಗ್ತೀಯಾ? ನಗು ನಗು. ಆದ್ರೆ ಅವನು ನಗ್ಲಿಲ್ಲ. ಬರೋ ಸೋಮವಾರ ಇವಳನ್ನ ಬೆಟ್ಟದಾಚೆ ಚಿಕ್ಕಪ್ಪನ ಮನೇಲಿ ಬಿಟ್ಟು ಬರ್ತೀನಿ, ಇನ್ನು ನನ್ನ ಕೈಲಾಗಲ್ಲ ಅಂದ. ಹೊನ್ನಕ್ಕ ಅದಕ್ಕೂ ಗೋಡೆ ನೋಡ್ತಾ ಕೂತಿದ್ಲಂತೆ.

ಅವತ್ತೇ ಸೂಲಗಿತ್ತಿ ಬೋರಜ್ಜಿ ನೀರಿನ ಮಡಕೆಗೆ ಅಂತ ಬಂದ್ಲು. ಎಂಥಾ ಹೆಂಗಸು ಅಂತೀಯ ಅವಳು! ಊರಿನ ಅರ್ಧ ಮಕ್ಕಳ ಹೊಕ್ಕಳು ಕೊಯ್ದ ಕೈ. ಅವಳು ಜಗಲಿ ಮೇಲೆ ಎಲೆ ಅಡಿಕೆ ಮೆಲ್ತಾ ಕೂತಿರೋವಾಗಲೇ ಸೀಬಿ ಒಂದು ಮಡಕೆ ಫಳ್ ಅನ್ನಿಸಿದ್ಲು. ಎಲ್ಲರೂ ಒಡೆದ ಮಡಕೆ ನೋಡಿದ್ರು, ಬೋರಜ್ಜಿ ಒಬ್ಬಳೇ ಮಗು ಮುಖ ನೋಡಿದ್ಲು. ಮಗು ನೋಡ್ತಿದ್ದದ್ದು ಅವ್ವನ್ನ. ಆ ಸದ್ದಿಗೆ ಮಾತ್ರ ಹೊನ್ನಕ್ಕ ಕತ್ತು ತಿರುಗಿಸ್ತಿದ್ಲಂತೆ, ಒಂದೇ ಒಂದು ಗಳಿಗೆ.

ಬೋರಜ್ಜಿ ಎದ್ದು ಸೆರಗು ಸಿಕ್ಕಿಸಿದ್ಲು. ಲೋ ತಿಮ್ಮರಾಯ, ಮಗು ಎಲ್ಲಿಗೂ ಹೋಗೋದು ಬೇಡ, ಒಲೆಗೆ ನೀರಿಡು, ನಿನ್ನ ಹೆಂಡ್ತಿಗೆ ಬಾಣಂತನ ಮಾಡ್ಬೇಕು ಅಂದ್ಲಂತೆ. ಊರೆಲ್ಲ ಬಿದ್ದು ಬಿದ್ದು ನಕ್ತು. ಮಗೂಗೆ ಹಲ್ಲು ಬೀಳೋ ವಯಸ್ಸು, ಈಗ ಎಂಥಾ ಬಾಣಂತನ ಮುದುಕಿ ಅಂದ್ರು. ನಗೋರು ನಗ್ಲಿ, ಎಣ್ಣೆ ತನ್ನಿ ಅಂದ್ಲು ಬೋರಜ್ಜಿ.

ಆಮೇಲೆ ದಿನಾ ಹರಳೆಣ್ಣೆ ತಿಕ್ಕಿ ಬಿಸಿ ಬಿಸಿ ನೀರು ಹುಯ್ಯೋದು, ಸಾಂಬ್ರಾಣಿ ಹೊಗೆ ಹಾಕೋದು, ತಲೆಗೆ ಬಟ್ಟೆ ಕಟ್ಟಿ ಮಲಗಿಸೋದು. ಮೆಣಸಿನ ಸಾರು ಕಾಯಿಸೋ ಕೆಲಸ ತಿಮ್ಮರಾಯಂದು. ಮೊದಮೊದಲು ಖಾರ ಜಾಸ್ತಿ ಹಾಕಿ ಬೈಸ್ಕೊಂಡ, ಆಮೇಲೆ ಕಲ್ತ ಪಾಪ. ನಗು, ಮಾತಾಡು, ಗಟ್ಟಿಯಾಗು ಅಂತ ಬೋರಜ್ಜಿ ಒಂದು ದಿನಾನೂ ಹೊನ್ನಕ್ಕನಿಗೆ ಹೇಳ್ಲಿಲ್ಲ. ಸೀಬಿ ಅವ್ವಾ ಅಂತ ಕೂಗಿದಾಗೆಲ್ಲ, ಬಚ್ಚಲಲ್ಲಿರ್ಲಿ ಹಿತ್ತಲಲ್ಲಿರ್ಲಿ, ತಾನೇ ಓ ಅಂತಿದ್ಲಂತೆ. ನೀನಲ್ಲ, ನಮ್ಮವ್ವ ಅಂತ ಸೀಬಿ ಕಾಲು ಬಡಿಯೋಳು. ಅವಳಿಗೆ ಇವತ್ತು ದನಿ ಏಳ್ತಿಲ್ಲ ಕಂದಾ, ಏಳೋವರೆಗೂ ಅವಳ ಬದಲು ನಾನು ಓ ಅಂತೀನಿ ಅಂತಿದ್ಲಂತೆ ಬೋರಜ್ಜಿ.

ಹನ್ನೆರಡನೇ ದಿನ ನೀರು ಹುಯ್ಯೋವಾಗ ಹೊನ್ನಕ್ಕ ಗೊಳೋ ಅಂತ ಅತ್ತಳು. ಅಳ್ಲಿ ಅಂತ ಬೋರಜ್ಜಿ ಇನ್ನೊಂದು ಚೊಂಬು ಹುಯ್ದಳು. ಮಾರನೇ ದಿನ ಮತ್ತೆ ಗೋಡೆ ಕಡೆಗೇ ಮುಖ. ಹಾಗೇ ಹಿಂದೆ ಮುಂದೆ ಆಗ್ತಾ ಇತ್ತಂತೆ. ಆ ಮುದುಕಿ ಬೇಸರ ಮಾಡ್ಕೊಳ್ಳಲಿಲ್ಲ ನೋಡು, ಅವಳ ಕಾಲಿಗೆ ಬೀಳ್ಬೇಕು ಅನ್ಸುತ್ತೆ ನಂಗೆ.

ನಲವತ್ತನೇ ದಿನ ಸೀಬಿ ಜಗಲಿ ಮೇಲೆ ಒಂದು ದೊಡ್ಡ ಮಡಕೆ ಎತ್ತಿ ಹಿಡಿದು, ಅವ್ವಾ ಅಂತ ಕೂಗಿದ್ಲಂತೆ. ಬೋರಜ್ಜಿ ಬಾಯಿ ತೆರೆಯೋದ್ರೊಳಗೆ ಒಳಗಿಂದ ಸಣ್ಣಕ್ಕೆ ಓ ಅಂತ ದನಿ ಬಂತು. ಸೀಬಿಗೆ ನಂಬಿಕೆ ಬರ್ಲಿಲ್ಲ. ಇನ್ನೊಂದ್ಸಲ ಕೂಗಿದ್ಲು, ಓ ಅಂತು. ಮೂರನೇ ಸಲ ಕೂಗಿದ್ಲು, ಓ ಕಂದಾ, ಇಲ್ಲೇ ಇದೀನಿ ಬಾ ಅಂತು. ಆಮೇಲೆ ಸೀಬಿ ಆ ಮಡಕೇನ ಮೆಲ್ಲಗೆ, ಒಂಚೂರೂ ಸದ್ದಾಗದ ಹಾಗೆ, ಕೆಳಗಿಟ್ಟು ಒಳಗೆ ಓಡಿದ್ಲಂತೆ.

ಬೆಟ್ಟದಾಚೆಗೆ ಯಾರೂ ಹೋಗ್ಲಿಲ್ಲ. ತಿಮ್ಮರಾಯ ಆ ಮಡಕೇನ ಮಾರದೆ ಮನೆ ನೀರಿಗೆ ಇಟ್ಕೊಂಡ. ಮೂರು ಜನ ಅದರ ನೀರು ಕುಡ್ಕೊಂಡು ತಂಪಾಗಿದ್ರಂತೆ. ಇಲ್ಲಿಗೆ ನನ್ನ ಕತೇನೂ ಮುಗೀತು, ನಿನ್ನ ಹೂಂ ಕೂಡ ಮುಗೀತು. ಮಲಗಿದ್ಯಾ?

ಏನು, ಅಜ್ಜಿ ಅಂದ್ಯಾ? ಓ ಪುಟ್ಟಾ. ಓ.